ಜೀಪಿನ ಸ್ಟೀರಿಂಗ್ ಕೈಕೊಟ್ಟರೆ ಅಲೈನ್‌ಮೆಂಟ್‌ಗೆ ಓಡಬೇಡಿ, ಮೊದಲು ಗಾಡಿ ಕೆಳಗೆ ಮಲಗಿ ನೋಡಿ

ಜೀಪು, ಜಿಪ್ಸಿ, ಥಾರ್, ಜಿಮ್ನಿ, ಬೊಲೆರೊ ಇಟ್ಟುಕೊಂಡವರಿಗೆ ಈ ಲೇಖನ. ವಾರವಿಡೀ ಹೆದ್ದಾರಿ 44ರಲ್ಲಿ 80ರ ವೇಗದಲ್ಲಿ ಓಡಿಸಿ, ಭಾನುವಾರ ಅದೇ ಗಾಡಿಯನ್ನು ಗುಡಿಬಂಡೆ ಕಡೆಯ ಬಂಡೆ ದಾರಿಗೋ ಗೌರಿಬಿದನೂರು ಕಡೆಯ ಕೊರಕಲಿಗೋ ಇಳಿಸುವವರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ತೋಟಕ್ಕೆ, ಕ್ರಷರ್ ಕೆಲಸಕ್ಕೆ ದಿನಾ ಓಡಿಸುವವರಂತೂ ಇನ್ನೂ ಜಾಸ್ತಿ. ಕಲ್ಲಿನ ಮೇಲೆ ನಿಧಾನಕ್ಕೆ ಹತ್ತಿಸುವಾಗ ಒಂದು ಜಾಯಿಂಟ್ ಲೂಸಾದರೆ ಅಲ್ಲಿ ಗೊತ್ತೇ ಆಗುವುದಿಲ್ಲ. ಮಾರನೇ ದಿನ ಹೆದ್ದಾರಿಯಲ್ಲಿ, ಪಕ್ಕದಲ್ಲಿ ಜಲ್ಲಿ ಲಾರಿ ಬರುತ್ತಿರುವಾಗ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಆಗುವುದು ಹೀಗೆ. ಸ್ಟೀರಿಂಗ್ ನಡುಗಲು ಶುರುವಾಗುತ್ತದೆ, ಸೀದಾ ಅಲೈನ್‌ಮೆಂಟ್ (ಚಕ್ರಗಳ ಓರೆ, ದಿಕ್ಕು ಸರಿಹೊಂದಿಸುವುದು) ಮಾಡಿಸುತ್ತಾರೆ. ನಾಲ್ಕು ದಿನ ಪರವಾಗಿಲ್ಲ ಅನ್ನಿಸುತ್ತದೆ. ಮತ್ತೆ ನಡುಗುತ್ತದೆ, ಆಗ ಯಾರೋ ಹೇಳಿದರು ಅಂತ ನಡುಕ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸುತ್ತಾರೆ. ಅದೂ ಸಾಲದೆ ಬಂದಾಗ ಸ್ಟೀರಿಂಗ್ ಬಾಕ್ಸೇ ಹೋಗಿದೆ ಅಂತ ಬಾಕ್ಸ್ ಬದಲಾಯಿಸುತ್ತಾರೆ. ಕೊನೆಗೆ ನೋಡಿದರೆ ಸವೆದಿದ್ದು ಒಂದು ಟೈ ರಾಡ್ ಎಂಡ್ (ಚಕ್ರಗಳನ್ನು ಸೇರಿಸುವ ಸರಳಿನ ತುದಿಯ ಜಾಯಿಂಟ್) ಅಥವಾ ಒಂದು ರಬ್ಬರ್ ಬುಷ್. ಸ್ಟೀರಿಂಗ್ ವಿಷಯದಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಅನ್ನೋ ಕ್ರಮವೇ ಮುಖ್ಯ. ನೆಲದಿಂದ ಮೇಲಕ್ಕೆ ಬನ್ನಿ: ಟೈರು, ಆಮೇಲೆ ಜಾಯಿಂಟುಗಳು, ಆಮೇಲೆ ಬಾಕ್ಸ್. ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಲೂಸಾದ ಜಾಯಿಂಟ್ ಮೇಲೆ ಮಾಡಿದ ಅಲೈನ್‌ಮೆಂಟ್ ಗಾಡಿ ಹೊರಗೆ ಬಂದು ಮೊದಲ ಹಂಪ್ ದಾಟುವವರೆಗೆ ಮಾತ್ರ ಇರುತ್ತೆ.

ತೊಂದರೆ ಏನು ಅಂತ ಮೊದಲು ಸರಿಯಾಗಿ ಗುರುತಿಸಿ

"ಅಣ್ಣ, ಸ್ಟೀರಿಂಗ್ ಸರಿ ಇಲ್ಲ, ಸ್ವಲ್ಪ ನೋಡಿ" ಅಂದರೆ ಎಷ್ಟೇ ಒಳ್ಳೆ ಮೆಕ್ಯಾನಿಕ್ ಆದರೂ ಊಹೆ ಮಾಡಬೇಕಾಗುತ್ತದೆ. "ಅಣ್ಣ, 60 ದಾಟಿದ ಮೇಲೆ ಹಂಪ್ ಸಿಕ್ಕರೆ ನಡುಗುತ್ತೆ, ಸ್ಪೀಡ್ ಇಳಿಸಿದರೆ ನಿಲ್ಲುತ್ತೆ, ಬ್ರೇಕ್ ಹೊಡೆದಾಗ ಏನೂ ಇಲ್ಲ" ಅಂದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹಾಗಾಗಿ ಖಾಲಿ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ. ಹೆದ್ದಾರಿಯಲ್ಲಿ ಬೇಡ, ಸರ್ವಿಸ್ ರಸ್ತೆಯೋ ಊರಾಚೆಯ ಟಾರ್ ರಸ್ತೆಯೋ ಸಾಕು. ಸ್ಟೀರಿಂಗ್ ತಿರುಗಿಸಿದರೂ ಗಾಡಿ ಸ್ವಲ್ಪ ಹೊತ್ತು ಕೇಳುವುದಿಲ್ಲವಾ, ಅಂದರೆ ಪ್ಲೇ ಇದೆಯಾ? ಒಂದೇ ಕಡೆಗೆ ಎಳೆಯುತ್ತದೆಯಾ? ಎಳೆಯುವುದು ಯಾವಾಗಲೂ ಇದೆಯಾ, ಬ್ರೇಕ್ ಒತ್ತಿದಾಗ ಮಾತ್ರವಾ? ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದೆಯಾ? ಗಟ್ಟಿಯಾಗಿದ್ದರೆ ನಿಂತಾಗ ಮಾತ್ರವಾ, ಓಡುವಾಗಲೂ ಇದೆಯಾ? ಶಬ್ದ ಬಂದರೆ ತಿರುಗಿಸಲು ಶುರು ಮಾಡಿದ ಕ್ಷಣದಲ್ಲಾ, ಪೂರ್ತಿ ತಿರುಗಿಸಿದಾಗಲಾ? ಜೊತೆಗೆ ಇದು ಯಾವಾಗಿನಿಂದ ಶುರುವಾಯಿತು ಅನ್ನೋದನ್ನೂ ನೆನಪಿಸಿಕೊಳ್ಳಿ. ಹೊಸ ಟೈರು ಹಾಕಿಸಿದ ಮೇಲಾ, ಲಿಫ್ಟ್ ಮಾಡಿಸಿದ (ಗಾಡಿಯ ಎತ್ತರ ಏರಿಸಿದ) ಮೇಲಾ, ಕಲ್ಲಿಗೆ ಹೊಡೆದ ಮೇಲಾ? ನಿಜವಾದ ಕಾರಣ ಬಹಳ ಸಲ ಈ ಕೊನೆಯ ಪ್ರಶ್ನೆಯಲ್ಲೇ ಸಿಗುತ್ತದೆ.

ನಿಮ್ಮ ಗಾಡಿಯ ಮುಂಭಾಗ ಯಾವ ಬಗೆಯದು

ಎರಡು ಬಗೆ ಇವೆ. ಹಳೇ ಮಹೀಂದ್ರ ಜೀಪುಗಳು, ಜಿಪ್ಸಿ, ಜಿಮ್ನಿ ಇವಕ್ಕೆಲ್ಲ ಮುಂದೆ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಎದ್ದರೆ ಇನ್ನೊಂದಕ್ಕೂ ಅದು ತಟ್ಟುತ್ತದೆ. ಇವುಗಳಲ್ಲಿ ಸ್ಟೀರಿಂಗ್ ಬಾಕ್ಸ್ ಇರುತ್ತದೆ, ಬಾಕ್ಸಿನಿಂದ ಪಿಟ್‌ಮನ್ ಆರ್ಮ್ ಅನ್ನೋ ತೋಳು ಇಳಿಯುತ್ತದೆ, ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನೋ ಸರಳು ಹೊರಟು ಚಕ್ರವನ್ನು ತಳ್ಳುತ್ತದೆ, ಎರಡು ಚಕ್ರಗಳನ್ನು ಟೈ ರಾಡ್ ಸೇರಿಸುತ್ತದೆ. ಚಕ್ರ ತಿರುಗುವ ಜಾಗದಲ್ಲಿ ಕಿಂಗ್ ಪಿನ್ ಇರುತ್ತದೆ. ಜಿಪ್ಸಿಗೆ ಪಟ್ಟಿಯ ಸ್ಪ್ರಿಂಗ್, ಜಿಮ್ನಿಗೆ ಸುರುಳಿ ಸ್ಪ್ರಿಂಗ್. ಸುರುಳಿ ಇದ್ದರೆ ಆಕ್ಸಲ್ ಅಡ್ಡಡ್ಡ ಜರುಗದ ಹಾಗೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಅಂತ ಒಂದು ಅಡ್ಡ ಸರಳು ಇರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಳೇ ಥಾರ್‌ನ ಸಿಆರ್‌ಡಿಇ ಮಾದರಿ, 2020ರಲ್ಲಿ ಬಂದ ಹೊಸ ಥಾರ್, ಈಗಿನ ಬೊಲೆರೊ ಇವುಗಳಲ್ಲಿ ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏಳುತ್ತವೆ, ಇಳಿಯುತ್ತವೆ. ಬಾಕ್ಸ್ ಬದಲು ರ್ಯಾಕ್, ಅಂದರೆ ಅಡ್ಡಡ್ಡ ಜರುಗುವ ಹಲ್ಲಿನ ಸರಳು ಇರುತ್ತದೆ, ಕಿಂಗ್ ಪಿನ್ ಬದಲು ಮೇಲೊಂದು ಕೆಳಗೊಂದು ಬಾಲ್ ಜಾಯಿಂಟ್. ನೋಡುವ ಕ್ರಮ ಎರಡಕ್ಕೂ ಒಂದೇ, ಕೈ ಇಡುವ ಜಾಗ ಮಾತ್ರ ಬೇರೆ.

ದುಡ್ಡು ಖರ್ಚಿಲ್ಲದೆ ನೋಡುವುದು

ಮೊದಲು ಗಾಳಿ. ಕಲ್ಲಿನ ದಾರಿಗೆ ಅಂತ 18 ಪಾಯಿಂಟ್‌ಗೆ (ಪಿಎಸ್‌ಐ) ಇಳಿಸಿ, ವಾಪಸ್ ಬರುವಾಗ ಹೊಡೆಸುವುದು ಮರೆತು ಹಾಗೇ ಹೆದ್ದಾರಿಗೆ ಹತ್ತಿಸಿದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಗಾಡಿ ಅತ್ತಿತ್ತ ತೇಲುತ್ತದೆ. ಎಡಕ್ಕೂ ಬಲಕ್ಕೂ ನಾಲ್ಕೈದು ಪಾಯಿಂಟ್ ವ್ಯತ್ಯಾಸ ಇದ್ದರೆ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಟೈರು ತಣ್ಣಗಿರುವಾಗ, ನಂಬಿಕೆಯ ಗೇಜ್ ಒಂದರಲ್ಲೇ ನಾಲ್ಕೂ ಚಕ್ರ ನೋಡಿ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಹೊಡೆಸಿ.

ಎರಡನೆಯದು ಕೆಸರು. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ನಮ್ಮ ಕಡೆ ಇದೇ ಜಾಸ್ತಿ. ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದ ಮೇಲೆ ಎಷ್ಟೋ ಕೆರೆಗಳ ಸುತ್ತ ಮೊದಲಿನ ಒಣ ನೆಲ ಈಗಿಲ್ಲ, ಅಂಗಳದ ಮಣ್ಣು ಜಿಗುಟು. ಅದು ರಿಮ್ಮಿನ ಒಳಮುಖಕ್ಕೆ, ಬ್ರೇಕ್ ಡ್ರಮ್ಮಿನ ಕಡೆಗೆ ಮೆತ್ತಿಕೊಂಡು ರಾತ್ರಿ ಒಣಗುತ್ತದೆ. ಹೊರಗಿನಿಂದ ಗಾಡಿ ತೊಳೆದು ಪಳಪಳ ಅಂದರೂ ಒಳಗೆ ಒಂದು ಕಡೆ ಅರ್ಧ ಕೆಜಿ ಮಣ್ಣು ಕೂತಿರುತ್ತದೆ. 60 ದಾಟಿದ ಕೂಡಲೇ ಸ್ಟೀರಿಂಗ್ ನಡುಗಲು ಅಷ್ಟು ಸಾಕು. ಚಕ್ರದ ಹಿಂದಕ್ಕೆ ಕೈ ಹಾಕಿ, ರಿಮ್ಮಿನ ಒಳಸುತ್ತು ಪೂರ್ತಿ ಸವರಿ ನೋಡಿ. ಗಟ್ಟಿ ಮಣ್ಣಿದ್ದರೆ ಕೋಲಿನಿಂದ ಕೆರೆದು ನೀರು ಹೊಡೆಯಿರಿ. ಬ್ಯಾಲೆನ್ಸಿಂಗ್‌ಗೆ ಹಾಕಿದ ಸೀಸದ ತುಂಡು ಕಲ್ಲಿಗೆ ತಾಗಿ ಕಿತ್ತುಹೋಗಿದ್ದರೆ ಅದರ ಗುರುತೂ ಅಲ್ಲೇ ಸಿಗುತ್ತದೆ.

ಮೂರನೆಯದು ಫೋರ್ ವೀಲ್ ಲಿವರ್. ಹೊಲದಲ್ಲಿ ಹಾಕಿದ 4ಎಚ್ (ನಾಲ್ಕೂ ಚಕ್ರ ಎಳೆಯುವುದು) ಟಾರ್ ರಸ್ತೆಗೆ ಬಂದ ಮೇಲೂ ಹಾಗೇ ಇದ್ದರೆ ಸ್ಟೀರಿಂಗ್ ಬಿಗಿಯುತ್ತದೆ, ತಿರುವಿನಲ್ಲಿ ಗಾಡಿ ಕುಪ್ಪಳಿಸಿದ ಹಾಗೆ ಆಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಈ ಗಾಡಿಗಳಲ್ಲಿ 4ಎಚ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಲಾಕ್ ಆಗಿರುತ್ತವೆ. ಮಣ್ಣಿನಲ್ಲಿ ಟೈರು ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರುವುದಿಲ್ಲ. ಲಿವರ್ 2ಎಚ್‌ಗೆ (ಎರಡೇ ಚಕ್ರ ಎಳೆಯುವುದು) ಹಾಕಿದರೂ ಕೆಲವೊಮ್ಮೆ ಒಳಗೆ ಬಿಟ್ಟಿರುವುದಿಲ್ಲ, ಆಗ ನೇರಕ್ಕೆ ಸ್ವಲ್ಪ ದೂರ ಹಿಂದಕ್ಕೆ ಓಡಿಸಿದರೆ ಬಿಡುತ್ತದೆ. ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ ಇದ್ದರೆ ಎರಡೂ ಕಡೆ ಒಂದೇ ಗುರುತಿಗೆ ಇದೆಯಾ ನೋಡಿ.

ಹಾಗೇ ವೀಲ್ ನಟ್‌ಗಳನ್ನೆಲ್ಲ ಸ್ಪ್ಯಾನರ್ ಹಾಕಿ ಒಮ್ಮೆ ನೋಡಿಬಿಡಿ.

ಇಬ್ಬರು ಸೇರಿ ಮಾಡುವ ಪರೀಕ್ಷೆ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಜಾಕ್ ಬೇಡ, ಗಾಡಿ ನೆಲದ ಮೇಲೇ ಇರಲಿ. ಸಮನಾದ ಜಾಗ, ಹ್ಯಾಂಡ್ ಬ್ರೇಕ್, ಗೇರ್ ನ್ಯೂಟ್ರಲ್, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕಲ್ಲು. ಚಕ್ರದ ಮೇಲೆ ಭಾರ ಇದ್ದಾಗಲೇ ಜಾಯಿಂಟಿನ ಸವೆತ ಚೆನ್ನಾಗಿ ಕಾಣುವುದು. ಮನೆಯಲ್ಲಿ ಯಾರನ್ನಾದರೂ ಸೀಟಿನಲ್ಲಿ ಕೂರಿಸಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಆನ್ ಇರಲಿ, ಆದರೆ ಫ್ಯಾನು, ಬೆಲ್ಟುಗಳಿಂದ ಕೈ, ಬಟ್ಟೆ ದೂರ ಇರಲಿ. ಅವರು ಸ್ಟೀರಿಂಗನ್ನು ಗಡಿಯಾರದ 11ರಿಂದ 1ರವರೆಗೆ ಮಾತ್ರ ಅತ್ತಿತ್ತ ಆಡಿಸುತ್ತಿರಬೇಕು. ಪೂರ್ತಿ ತಿರುಗಿಸುವುದು ಬೇಡ. ಪ್ಲೇ ಇರುವ ಜಾಗ ಅಷ್ಟೇ ಸಾಕು.

ನೀವು ಕೆಳಗೆ ಮಲಗಿ. ಕಣ್ಣಿಗಿಂತ ಕೈ ನಂಬಿ. ಒಂದು ಜಾಯಿಂಟಿನ ಎರಡು ಭಾಗಕ್ಕೂ ತಾಗುವ ಹಾಗೆ ಬೆರಳಿಡಿ. ಎರಡೂ ಒಟ್ಟಿಗೆ ಚಲಿಸಿದರೆ ಆ ಜಾಯಿಂಟ್ ಸರಿ ಇದೆ. ಒಂದು ಮೊದಲು ಹೊರಟು ಇನ್ನೊಂದು ತಡವಾಗಿ ಹೊರಟರೆ, ಬೆರಳಿಗೆ ಟಕ್ ಅಂತ ತಿಳಿಯುತ್ತದೆ. ಪ್ಲೇ ಇರುವುದು ಅಲ್ಲಿ.

ಈ ಒಂದು ಪರೀಕ್ಷೆಯಲ್ಲಿ ಮಾತ್ರ ಸ್ಟೀರಿಂಗ್ ಕಡೆಯಿಂದ ಚಕ್ರದ ಕಡೆಗೆ ಕ್ರಮವಾಗಿ ಹೋಗಿ. ಮೊದಲು ಸ್ಟೀರಿಂಗ್ ಶಾಫ್ಟಿನ ಕೆಳಗಿನ ಚಿಕ್ಕ ಯೂನಿವರ್ಸಲ್ ಜಾಯಿಂಟ್ ಅಥವಾ ರಬ್ಬರ್ ಕಪ್ಲಿಂಗ್. ಆಮೇಲೆ ಬಾಕ್ಸ್: ಒಳಗೆ ಹೋಗುವ ಶಾಫ್ಟ್ ತಿರುಗಿದ ತಕ್ಷಣ ಪಿಟ್‌ಮನ್ ಆರ್ಮ್ ತಿರುಗಬೇಕು. ಮೇಲಿನದು ತಿರುಗಿ ಕೆಳಗಿನದು ಸುಮ್ನೆ ನಿಂತಿದ್ದರೆ ಬಾಕ್ಸ್ ಸವೆದಿದೆ. ಆಮೇಲೆ ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟ್‌ಗಳು. ಇಲ್ಲಿ ಟಾರ್ಚ್ ಹಾಕಿ ನಿಧಾನವಾಗಿ ನೋಡಿ. ಸ್ಟೀರಿಂಗ್ ಆಡಿಸಿದಾಗ ಬಾಕ್ಸ್ ಪೂರ್ತಿ ಅಲ್ಲಾಡುತ್ತಿದ್ದರೆ ಒಂದೋ ಬೋಲ್ಟ್ ಸಡಿಲ, ಇಲ್ಲ ಚಾಸಿಯೇ ಬಿರುಕು. ದೊಡ್ಡ ಟೈರು ಹಾಕಿ ಕಲ್ಲಿನಲ್ಲಿ ಓಡಿಸಿದ ಹಳೇ ಜೀಪುಗಳಲ್ಲಿ ಬೋಲ್ಟ್ ರಂಧ್ರದಿಂದ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ. ಧೂಳು ಮುಚ್ಚಿರುತ್ತದೆ, ಬಿರುಕಿನ ಅಂಚಿನಲ್ಲಿ ತುಕ್ಕಿನ ಕೆಂಪು ಗೆರೆ ಮಾತ್ರ ಕಾಣುತ್ತದೆ. ಬಟ್ಟೆಗೆ ಡೀಸೆಲ್ ಹಾಕಿ ಒರೆಸಿದರೆ ಸ್ಪಷ್ಟವಾಗುತ್ತದೆ. ಅದು ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಅಲ್ಲಿಂದ ಡ್ರ್ಯಾಗ್ ಲಿಂಕಿನ ಎರಡೂ ತುದಿ, ಟೈ ರಾಡಿನ ಎರಡೂ ತುದಿ. ಇವುಗಳ ಮೇಲಿನ ರಬ್ಬರ್ ಟೋಪಿ ಹರಿದಿದ್ದರೆ ಒಳಗೆ ಧೂಳು ಹೋಗಿ ಗ್ರೀಸು ಮರಳು ಕಾಗದದ ಹಾಗೆ ಕೆಲಸ ಮಾಡುತ್ತಿರುತ್ತದೆ. ಈಗ ಪ್ಲೇ ಇಲ್ಲದಿದ್ದರೂ ಬೇಗ ಬರುತ್ತದೆ. ಜಿಮ್ನಿ ತರದ ಗಾಡಿಯಾದರೆ ಪ್ಯಾನ್‌ಹಾರ್ಡ್ ರಾಡಿನ ಬುಷ್ ಮತ್ತು ಬೋಲ್ಟ್ ತಪ್ಪದೆ ನೋಡಿ. ಅದು ಸವೆದರೆ ಸ್ಟೀರಿಂಗ್ ಚಕ್ರವನ್ನು ತಿರುಗಿಸುವ ಮೊದಲು ಇಡೀ ಆಕ್ಸಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಪಟ್ಟಿ ಸ್ಪ್ರಿಂಗ್ ಇದ್ದರೆ ಅದೇ ಕೆಲಸ ಪಟ್ಟಿಯ ತುದಿಯನ್ನು ಚಾಸಿಗೆ ಹಿಡಿಯುವ ಷಾಕಲ್ ಬುಷ್‌ಗಳದು, ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್‌ಗಳದು. ರ್ಯಾಕ್ ಇರುವ ಗಾಡಿಯಲ್ಲಿ ರ್ಯಾಕ್ ಹಿಡಿದಿರುವ ಬುಷ್, ಒಳಗಿನ ಟೈ ರಾಡ್, ಅದರ ಮೇಲಿನ ಸುಕ್ಕು ಸುಕ್ಕಾದ ರಬ್ಬರ್ ಬೂಟು ನೋಡಿ. ಬೂಟನ್ನು ಒತ್ತಿದಾಗ ಒಳಗೆ ಎಣ್ಣೆ ಜುಳುಜುಳು ಅಂದರೆ ರ್ಯಾಕಿನ ಸೀಲ್ ಹೋಗಿದೆ.

ಎಷ್ಟು ಪ್ಲೇ ಇದ್ದರೆ ಜಾಸ್ತಿ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಲೇಬೇಕು. 30 ಡಿಗ್ರಿ ಅಂದರೆ ಸಾಮಾನ್ಯ ಅಳತೆಯ ಸ್ಟೀರಿಂಗ್ ಅಂಚಿನಲ್ಲಿ ಹತ್ತು ಸೆಂಟಿಮೀಟರ್ ಹತ್ತಿರ. ಕಾನೂನಿಗೆ ಅದು ಕೊನೆಯ ಗಡಿ, ಅಲ್ಲಿವರೆಗೆ ಕಾಯುವುದು ಸರಿಯಲ್ಲ. ಬಾಕ್ಸ್ ಇರುವ ಜೀಪಿನಲ್ಲಿ ಒಂದಿಂಚಿನಷ್ಟು ಪ್ಲೇಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ರ್ಯಾಕ್ ಇರುವ ಗಾಡಿಯಲ್ಲಿ ಅಷ್ಟಿದ್ದರೂ ಹುಡುಕಬೇಕು.

ಬಾಕ್ಸಿನ ಮೇಲೆ ಒಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. ಪ್ಲೇ ಅಂದ ಕೂಡಲೇ ಅದನ್ನು ಬಿಗಿ ಮಾಡಿಕೊಡುವವರು ಇದ್ದಾರೆ. ಉಳಿದ ಜಾಯಿಂಟುಗಳೆಲ್ಲ ಸರಿ ಇವೆ ಅಂತ ಖಾತ್ರಿ ಆಗುವವರೆಗೆ ಅದನ್ನು ಮುಟ್ಟಲು ಬಿಡಬೇಡಿ. ಬಾಕ್ಸ್ ಜಾಸ್ತಿ ಸವೆಯುವುದು ನೇರ ಓಡುವ ನಡುಭಾಗದಲ್ಲಿ. ಅಲ್ಲಿನ ಪ್ಲೇ ಹೋಗುವ ತನಕ ಬಿಗಿ ಮಾಡಿದರೆ ಪಕ್ಕಕ್ಕೆ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ, ನಂದಿಬೆಟ್ಟದ ಹೇರ್‌ಪಿನ್ ತಿರುವಿನಲ್ಲಿ ಹಾಗೆ ಹಿಡಿದುಕೊಳ್ಳುವ ಸ್ಟೀರಿಂಗ್ ಎಷ್ಟು ಅಪಾಯ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಜಾಕ್ ಹಾಕಿ ಚಕ್ರ ಅಲ್ಲಾಡಿಸುವುದು

ಜಾಕ್ ಮೇಲೆ ಮಾತ್ರ ನಿಂತ ಗಾಡಿ ಕೆಳಗೆ ಯಾವತ್ತೂ ಹೋಗಬೇಡಿ. ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸೈಜುಗಲ್ಲು ಬೇಡ, ಭಾರಕ್ಕೆ ಒಡೆದರೆ ಅಥವಾ ಜಾರಿದರೆ ಉಳಿಯುವುದಿಲ್ಲ.

ಗಟ್ಟಿ ಆಕ್ಸಲ್ ಇದ್ದರೆ ಆಕ್ಸಲ್ ಕೆಳಗೇ ಎತ್ತಿ. ಥಾರ್, ಬೊಲೆರೊ ತರದ ಗಾಡಿಯಾದರೆ ಕೆಳಗಿನ ಆರ್ಮಿನ ಹೊರತುದಿಯ ಕೆಳಗೆ ಎತ್ತಿ, ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಬಾಲ್ ಜಾಯಿಂಟಿನ ಸವೆತ ಅಡಗಿಬಿಡುತ್ತದೆ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಆಟ ಇದ್ದರೆ ಅದು ವೀಲ್ ಬೇರಿಂಗ್ ಇರಬಹುದು, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಇರಬಹುದು. ಯಾವುದು ಅಂತ ತಿಳಿಯಲು ಸೀಟಿನಲ್ಲಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಬೇರಿಂಗ್. ಬ್ರೇಕ್ ಒತ್ತಿದರೂ ಹಾಗೇ ಇದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಬ್ರೇಕ್ ಒತ್ತಿದಾಗ ಹಬ್ ಮತ್ತು ಅದನ್ನು ಹಿಡಿದಿರುವ ನಕ್ಕಲ್ ಒಂದಾಗುವುದರಿಂದ ಈ ಪರೀಕ್ಷೆ ಮೋಸ ಮಾಡುವುದಿಲ್ಲ.

ಆಮೇಲೆ ಎಡಗೈ ಬಲಗೈ ಪಕ್ಕಕ್ಕಿಟ್ಟು ಅಲ್ಲಾಡಿಸಿ. ಮೇಲೆ ಕೆಳಗೆ ಗಟ್ಟಿ, ಪಕ್ಕಕ್ಕೆ ಮಾತ್ರ ಆಟ ಅಂದರೆ ಟೈ ರಾಡ್ ಎಂಡ್ ಅಥವಾ ರ್ಯಾಕ್ ಕಡೆ ನೋಡಿ. ಚಕ್ರವನ್ನು ಕೈಯಿಂದ ಸುತ್ತಿಸಿ ಕೂಡ ನೋಡಿ, ಗರಗರ ಅಂದರೆ ಬೇರಿಂಗಿಗೆ ನೀರು ಹೋಗಿದೆ. ಹಳ್ಳ ದಾಟಿಸುವವರಿಗೆ ಇದು ಬೇಗ ಬರುತ್ತದೆ.

ನಡುಕಕ್ಕೆ ಎರಡು ಬಗೆ

ಒಂದು ಸಣ್ಣ ನಡುಕ. 60–80ರ ನಡುವೆ ಬರುತ್ತದೆ, ಸ್ಪೀಡ್ ಏರಿದರೆ ಕೆಲವೊಮ್ಮೆ ಹೋಗುತ್ತದೆ. ಇದು ಹೆಚ್ಚಾಗಿ ಬ್ಯಾಲೆನ್ಸಿಂಗ್, ರಿಮ್ಮಿನ ಕೆಸರು, ಬೆಂಡಾದ ರಿಮ್, ಉಬ್ಬಿದ ಟೈರು. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿ ಓಡಿಸಿ, ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಹೋದರೆ ಕಾರಣ ಆ ಚಕ್ರಗಳಲ್ಲೇ ಇದೆ.

ಇನ್ನೊಂದು ದೊಡ್ಡದು. ಗಟ್ಟಿ ಆಕ್ಸಲ್ ಗಾಡಿಗಳಲ್ಲಿ ಹಂಪಿಗೋ ಗುಂಡಿಗೋ ಒಂದು ಚಕ್ರ ಬಿದ್ದ ಕೂಡಲೇ ಇಡೀ ಮುಂಭಾಗ ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದಂತೆ ಒದ್ದಾಡುತ್ತದೆ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ವೇಗ ಇಳಿಯುವವರೆಗೆ ನಿಲ್ಲುವುದೇ ಇಲ್ಲ. ಆ ಹೊತ್ತಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿಯಬೇಡಿ. ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಒಳಗೆ ಸಿಕ್ಕಿಸದೆ, ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ವೇಗ ಇಳಿಸಿ ಎಡಕ್ಕೆ ನಿಲ್ಲಿಸಿ.

ಇದಕ್ಕೆ ಒಂದೇ ಕಾರಣ ಇರುವುದು ಅಪರೂಪ. ಟೈರಿನ ಅಸಮತೋಲ ಕಿಡಿ ಹೊತ್ತಿಸುತ್ತದೆ, ಸಡಿಲವಾದ ಕಿಂಗ್ ಪಿನ್ ಬೇರಿಂಗ್, ಪ್ಯಾನ್‌ಹಾರ್ಡ್ ಬುಷ್, ಟೈ ರಾಡ್ ಎಂಡ್ ಅದನ್ನು ಉಳಿಸಿಕೊಂಡು ಹೋಗುತ್ತವೆ. ಹಾಗಾಗಿ ಮೇಲಿನ ಎರಡು ಪರೀಕ್ಷೆಗಳನ್ನು ಒಂದೂ ಬಿಡದೆ ಮಾಡಬೇಕು. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ನಡುಕ ನಿಂತಂತೆ ಕಾಣುತ್ತದೆ, ನಿಜ. ಆದರೆ ಸವೆದ ಜಾಯಿಂಟ್ ಒಳಗೆ ಸವೆಯುತ್ತಲೇ ಇರುತ್ತದೆ, ನಿಮಗೆ ಸಿಗಬೇಕಾದ ಎಚ್ಚರಿಕೆ ಮಾತ್ರ ಸಿಗುವುದಿಲ್ಲ. ಎಲ್ಲ ಸರಿ ಮಾಡಿಸಿದ ಮೇಲೆ, ದೊಡ್ಡ ಟೈರು ಇದೆ ಅಂತ ಡ್ಯಾಂಪರ್ ಹಾಕಿಸಿಕೊಳ್ಳುವುದು ಬೇರೆ ವಿಷಯ, ಅದಕ್ಕೆ ನನ್ನ ತಕರಾರಿಲ್ಲ.

ಒಂದು ಕಡೆ ಎಳೆಯುವುದು, ಗಟ್ಟಿಯಾಗುವುದು, ನೇರಕ್ಕೆ ಬಾರದಿರುವುದು

ಎಳೆಯುತ್ತಿದ್ದರೆ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ. ಎಳೆತ ಇನ್ನೊಂದು ಕಡೆಗೆ ಹೋದರೆ ಟೈರಿನ ದೋಷ. ಟೈರಿಗೆ ತಿರುಗುವ ದಿಕ್ಕಿನ ಬಾಣ ಇದ್ದರೆ ಈ ಪರೀಕ್ಷೆಗೆ ಮಾತ್ರ ಹಾಗೆ ಹಾಕಿ, ಆಮೇಲೆ ಸರಿಮಾಡಿ. ಹಾಗೇ ಇದ್ದರೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಹಬ್ಬುಗಳ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಕಡೆ ಜಾಸ್ತಿ ಬಿಸಿ ಹೊಡೆದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಸ್ಟೀರಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಪಟ್ಟಿ ಸ್ಪ್ರಿಂಗ್ ಗಾಡಿಯಾದರೆ ಇನ್ನೊಂದು ನೋಡಿ: ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಒಂದು ಕಡೆ ಕಡಿಮೆ ಬಂದರೆ ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿದೆ. ಇದನ್ನು ಯಾವ ಅಲೈನ್‌ಮೆಂಟೂ ಸರಿ ಮಾಡುವುದಿಲ್ಲ.

ಗಟ್ಟಿಯಾಗಿದ್ದರೆ ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲಿಟ್ಟು, ಎಂಜಿನ್ ಆಫ್ ಮಾಡಿ ತಿರುಗಿಸಿ. ಆಗಲೂ ಹಿಡಿದು ಹಿಡಿದು ತಿರುಗಿದರೆ ಎಲ್ಲೋ ಬಿಗಿದಿದೆ. ಡ್ರ್ಯಾಗ್ ಲಿಂಕಿನ ಒಂದು ತುದಿ ಬಿಚ್ಚಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಸ್ಟೀರಿಂಗನ್ನು ಬೇರೆಯಾಗಿ ತಿರುಗಿಸಿ. ಚಕ್ರದ ಕಡೆ ಬಿಗಿ ಅಂದರೆ ಕಿಂಗ್ ಪಿನ್, ಮೇಲಿನ ಕಡೆ ಬಿಗಿ ಅಂದರೆ ಬಾಕ್ಸ್ ಅಥವಾ ಶಾಫ್ಟಿನ ತುಕ್ಕು ಹಿಡಿದ ಯೂನಿವರ್ಸಲ್ ಜಾಯಿಂಟ್. ಎತ್ತಿದಾಗ ಹಗುರ, ಇಳಿಸಿದಾಗ ಮಾತ್ರ ಗಟ್ಟಿ ಅಂದರೆ ಟೈರಿನ ಗಾಳಿ, ಅಗಲ ಅಥವಾ ಪವರ್ ಸ್ಟೀರಿಂಗ್. ಆಯಿಲ್ ಮಟ್ಟ ನೋಡಿ. ನೊರೆ ಇದ್ದರೆ ಗಾಳಿ ಸೇರಿದೆ, ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದರೆ ಬದಲಾಯಿಸಬೇಕು. ಪಂಪ್ ಗುಂಯ್ ಅನ್ನುವುದು ಆಯಿಲ್ ಕಡಿಮೆ ಇದ್ದಾಗ, ಕೀಚ್ ಅನ್ನುವುದು ಬೆಲ್ಟ್ ಜಾರುವಾಗ. ಮುಚ್ಚಳದ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಬರೆದ ಆಯಿಲನ್ನೇ ಹಾಕಿ, ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಹಾಳಾಗುತ್ತವೆ. ಬಂಡೆ ಸಂದಿಯಲ್ಲಿ ಸಿಕ್ಕಾಗ ಸ್ಟೀರಿಂಗನ್ನು ಪೂರ್ತಿ ಕೊನೆಗೆ ಒತ್ತಿ ಹಿಡಿದುಕೊಂಡೇ ಇರುವ ಅಭ್ಯಾಸ ಬಿಡಿ, ಪಂಪ್ ಕಾದು ಬಿಸಿಯಾಗುವುದು ಅದರಿಂದಲೇ. ಜಿಮ್ನಿಯಲ್ಲಿ ಪವರ್ ಸ್ಟೀರಿಂಗ್ ಎಲೆಕ್ಟ್ರಿಕ್, ಅಲ್ಲಿ ಆಯಿಲ್ ಇಲ್ಲ. ಡ್ಯಾಶ್‌ಬೋರ್ಡಿನ ದೀಪ, ಬ್ಯಾಟರಿ, ಫ್ಯೂಸ್ ನೋಡಬೇಕು.

ತಿರುವಿನಿಂದ ಸ್ಟೀರಿಂಗ್ ತಾನಾಗಿ ವಾಪಸ್ ಬರದಿದ್ದರೆ, ಅದೂ ಲಿಫ್ಟ್ ಮಾಡಿಸಿದ ಮೇಲೆ ಶುರುವಾಗಿದ್ದರೆ, ಕ್ಯಾಸ್ಟರ್ ಕಡಿಮೆಯಾಗಿದೆ. ಚಕ್ರ ತಿರುಗುವ ಕಿಂಗ್ ಪಿನ್‌ನ ಗೆರೆ ಸ್ವಲ್ಪ ಹಿಂದಕ್ಕೆ ಓರೆಯಾಗಿರಬೇಕು, ಅದರಿಂದಲೇ ಗಾಡಿ ನೇರಕ್ಕೆ ಓಡುವುದು. ಲಿಫ್ಟ್ ಮಾಡುವಾಗ ಆಕ್ಸಲ್ ಸುತ್ತಿಕೊಂಡು ಈ ಓರೆ ಹೋಗಿಬಿಡುತ್ತದೆ. ಪಟ್ಟಿ ಸ್ಪ್ರಿಂಗಿಗೆ ಆಕ್ಸಲ್ ಮೇಲೆ ಓರೆ ಶಿಮ್ (ಲೋಹದ ಓರೆ ತುಂಡು), ಸುರುಳಿ ಸ್ಪ್ರಿಂಗಿಗೆ ಬೇರೆ ಬುಷ್ ಅಥವಾ ಆರ್ಮ್ ಹಾಕಿ ಸರಿಮಾಡುತ್ತಾರೆ. ಲಿಫ್ಟ್ ಮಾಡಿಸುವ ಮುಂಚೆಯೇ "ಕ್ಯಾಸ್ಟರ್ ಹೇಗೆ ಸರಿಮಾಡುತ್ತೀರಿ" ಅಂತ ಕೇಳಿ. ಉತ್ತರ ಇಲ್ಲದ ಕಡೆ ಲಿಫ್ಟ್ ಮಾಡಿಸಬೇಡಿ. ಕಿಂಗ್ ಪಿನ್ ಜಾಸ್ತಿ ಬಿಗಿ ಮಾಡಿದ್ದರೂ, ಗ್ರೀಸು ಒಣಗಿದ್ದರೂ ಸ್ಟೀರಿಂಗ್ ವಾಪಸ್ ಬರುವುದಿಲ್ಲ, ಅದಕ್ಕೇ ನಿಪ್ಪಲ್ ಇರುವ ಕಡೆಯೆಲ್ಲ ಮೊದಲು ಗ್ರೀಸ್ ಗನ್ ಹೊಡೆದು ನೋಡಿ.

ಕಲ್ಲಿಗೆ ಹೊಡೆದ ಮೇಲೆ

ಯಾವುದು ಬೆಂಡಾಗಿದೆ ಅನ್ನೋದನ್ನು ಸ್ಟೀರಿಂಗೇ ಹೇಳುತ್ತದೆ. ನೇರ ಓಡುವಾಗ ಸ್ಟೀರಿಂಗ್ ಸೊಟ್ಟ ನಿಂತಿದೆ, ಆದರೆ ಟೈರು ಸವೆಯುತ್ತಿಲ್ಲ, ಗಾಡಿ ತೇಲುತ್ತಿಲ್ಲ ಅಂದರೆ ಡ್ರ್ಯಾಗ್ ಲಿಂಕ್ ಬೆಂಡು. ಗಾಡಿ ನೇರ ನಿಲ್ಲದೆ ಟೈರು ಉಜ್ಜಿಕೊಂಡು ಹೋಗುತ್ತಿದ್ದರೆ ಎರಡು ಚಕ್ರ ಸೇರಿಸುವ ಟೈ ರಾಡ್ ಬೆಂಡು. ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಎಳೆಯಿರಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಎಳೆದರೆ ಗರಗಸದ ಹಾಗೆ ಚುಚ್ಚಿದರೆ ಟೋ, ಅಂದರೆ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಕೆಟ್ಟಿದೆ.

ಅದನ್ನು ಮನೆಯಲ್ಲೇ ಅಳೆಯಬಹುದು. ಚಕ್ರ ಎತ್ತಿ, ಟೈರಿನ ನಡುವೆ ಸೀಮೆಸುಣ್ಣ ಬಳಿದು, ಒಂದು ಮೊಳೆಯನ್ನು ಮರದ ತುಂಡಿಗೆ ಹೊಡೆದು ಅಲುಗದಂತೆ ಹಿಡಿದು, ಚಕ್ರ ಸುತ್ತಿಸಿದರೆ ತೆಳ್ಳಗೆ ಗೆರೆ ಬೀಳುತ್ತದೆ. ಎರಡೂ ಚಕ್ರಕ್ಕೆ ಹೀಗೆ ಮಾಡಿ ಗಾಡಿ ಇಳಿಸಿ, ಒಂದೆರಡು ಮೀಟರ್ ಮುಂದಕ್ಕೆ ತಳ್ಳಿ ಟೈರು ಸರಿಯಾಗಿ ಕೂರಲಿ. ಈಗ ಆಕ್ಸಲಿನ ಎತ್ತರದಲ್ಲಿ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಗಟ್ಟಿ ಆಕ್ಸಲ್ ಜೀಪುಗಳಿಗೆ ಸಾಮಾನ್ಯವಾಗಿ ಮುಂದಿನ ಅಳತೆ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು, ನಿಮ್ಮ ಗಾಡಿಗೆ ಎಷ್ಟು ಅನ್ನೋದು ಮ್ಯಾನುಯಲ್‌ನಲ್ಲಿ ಇರುತ್ತದೆ. ಒಂದು ಸೆಂಟಿಮೀಟರ್ ಮೇಲೆ ವ್ಯತ್ಯಾಸ ಬಂದರೆ, ಅಥವಾ ಹಿಂದಿನದೇ ಕಡಿಮೆ ಬಂದರೆ ಟೈ ರಾಡ್ ಬಿಚ್ಚಿ ಕಣ್ಣಿನ ನೇರಕ್ಕೆ ಹಿಡಿದು ನೋಡಿ.

ಬೆಂಡಾದ ರಾಡನ್ನು ಕಾಡಿನಲ್ಲಿ ಹೇಗೋ ತಟ್ಟಿ ನೇರ ಮಾಡಿಕೊಂಡು ನಿಧಾನಕ್ಕೆ ಊರು ಸೇರುವುದು ಸರಿ. ಊರಿಗೆ ಬಂದ ಮೇಲೆ ಅದನ್ನು ಬದಲಾಯಿಸಲೇಬೇಕು. ಟೈ ರಾಡ್, ಡ್ರ್ಯಾಗ್ ಲಿಂಕ್, ಪಿಟ್‌ಮನ್ ಆರ್ಮ್ ಇವಕ್ಕೆ ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ, ಕಾಯಿಸಿ ನೇರ ಮಾಡಿಸಲೂ ಬೇಡಿ. ತುಂಡಾದರೆ ಚಕ್ರಕ್ಕೂ ನಿಮ್ಮ ಕೈಗೂ ಸಂಬಂಧವೇ ಇರುವುದಿಲ್ಲ. ಹಳೇ ಜೀಪಿನ ಸಾಮಾನು ಚಿಕ್ಕಬಳ್ಳಾಪುರದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹಳೇ ರಾಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಳತೆ ಹೊಂದಿಸಿ ತನ್ನಿ. ಅಗ್ಗದ ಟೈ ರಾಡ್ ಎಂಡ್ ತಂದು ಉಳಿಸುವ ದುಡ್ಡು ದೊಡ್ಡದಲ್ಲ.

ಗ್ಯಾರೇಜಿನಲ್ಲಿ

ನೀವು ಕಂಡಿದ್ದನ್ನು ಹೇಳಿ, ಬಿಚ್ಚಿದ ಹಳೇ ಸಾಮಾನು ಕೇಳಿ ತೆಗೆದುಕೊಳ್ಳಿ, ಅದರ ಆಟವನ್ನು ಕೈಯಲ್ಲೇ ನೋಡಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ತಾನ್ಯಾಕೆ ಬದಲಾಯಿಸಿದೆ ಅಂತ ಖುಷಿಯಿಂದಲೇ ತೋರಿಸುತ್ತಾನೆ. ಟೈ ರಾಡ್ ಎಂಡಿನ ನಟ್‌ಗೆ ಹಾಕುವ ಸ್ಪ್ಲಿಟ್ ಪಿನ್ ಹಳೆಯದನ್ನೇ ಬಗ್ಗಿಸಿ ಹಾಕುತ್ತಿದ್ದರೆ ತಡೆದು ಹೊಸದು ಹಾಕಿಸಿ. ಪಿನ್ ಬದಲು ತಂತಿ ಕಟ್ಟುವುದನ್ನು ಒಪ್ಪಿಕೊಳ್ಳಬೇಡಿ. ಟೈ ರಾಡ್ ಉದ್ದ ಸರಿಮಾಡಿದ ಮೇಲೆ ಲಾಕ್ ನಟ್ ಅಥವಾ ಕ್ಲ್ಯಾಂಪ್ ಬಿಗಿ ಇದೆಯಾ ನೀವೇ ಕೈ ಹಾಕಿ ನೋಡಿ.

ಎಲ್ಲ ಜಾಯಿಂಟುಗಳು ಗಟ್ಟಿಯಾದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ, ಅದರ ಹಿಂದೆಯೇ ಅಲೈನ್‌ಮೆಂಟ್. ಯು ಬೋಲ್ಟ್ ಬಿಚ್ಚಿಸಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿಸಬೇಕು, ಪಟ್ಟಿಗಳು ಕೂತ ಮೇಲೆ ಅವು ಸಡಿಲ ಬೀಳುತ್ತವೆ. ಮುಂದಿನ ಭಾನುವಾರ ಕಲ್ಲಿನ ದಾರಿಗೆ ಹೋಗಿ ಬಂದವರು ಟಾರ್ ರಸ್ತೆ ಹತ್ತುವ ಮುಂಚೆ ಐದು ನಿಮಿಷ ನಿಲ್ಲಿಸಿ: ಗಾಳಿ ಹೊಡೆಸಿ, ಲಿವರ್ 2ಎಚ್‌ಗೆ ಹಾಕಿ, ರಿಮ್ಮಿನ ಒಳಗೆ ಕೈ ಆಡಿಸಿ, ಬಗ್ಗಿ ಟೈ ರಾಡ್ ಮತ್ತು ಸ್ಪ್ಲಿಟ್ ಪಿನ್‌ಗಳನ್ನು ನೋಡಿ, ಆಮೇಲೆ ಹೊರಡಿ.